ಬಳಸುದಾರಿ

ಹಿಂಬಾಗಿಲ ಬೀಗದ ಕಣ್ಣಿಗೆ
ಕುಂಬಾರಹುಳ ಮಣ್ಣು ಮೆತ್ತಿದೆ.
ರಾತ್ರಿಪಾಳಿ ಮುಗಿಸಿ ಬಂದು, ಏಳೂಕಾಲಿಗೆ,
ಕೀಲಿ ಹಿಡಿದು ನಿಂತಿದ್ದೇನೆ
ರೆಪ್ಪೆಯೊಳಗೆ ಮರಳು ಹೊಯ್ದಂಥ ನಿದ್ದೆಯಲ್ಲಿ.

ವಿರೂಪಾಕ್ಷ ಸ್ಕ್ರೂಡ್ರೈವರ್ ತಂದ.
ತಡಿ, ಅಂದೆ. ಒಳಗೆ ತೊಟ್ಟಿಲಿದೆ.
ಎರಡು ಮೂರು ಜೇಡ ಬುತ್ತಿ ಕಟ್ಟಿಟ್ಟು
ಬಾಗಿಲು ಮೆತ್ತಿ ತಾಯಿ ಹೊರಟುಹೋಗಿದೆ.
ಎಷ್ಟು ದಿನವಂತೆ?
ನನಗೇನು ಗೊತ್ತು. ನಮ್ಮದೂ ಬಾಡಿಗೆಯೇ ತಾನೇ.

ಮುಂಬಾಗಿಲು ಉಪ್ಪುಗಾಳಿಗೆ ಉಬ್ಬಿ
ಹೋದ ವರ್ಷವೇ ಮುನಿಸಿಕೊಂಡಿತ್ತು.
ಉಳಿದದ್ದು ಬಟ್ಟೆ ಒಗೆಯುವ ಕೋಣೆಯ ಬಾಗಿಲು:
ಮನೆಯ ಪಕ್ಕೆ ಬಳಸಿ
ಇಪ್ಪತ್ತೆಂಟು ಹೆಜ್ಜೆ ಹೆಚ್ಚು.
ಅರ್ಧ ಪ್ರದಕ್ಷಿಣೆ, ಅರ್ಧ ಪುಣ್ಯ, ಅಂದ ವಿರೂಪಾಕ್ಷ,
ಹೆಲ್ಮೆಟ್ಟಿನ ತುಂಬ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿಕೊಂಡು
ಮುಳ್ಳುಹಂದಿಯಾಗಿ ಸೈಕಲ್ ಹತ್ತಿದ.
ಮೂಲೆಯ ಮರದಲ್ಲಿ ಮ್ಯಾಗ್‌ಪೈ ಮೊಟ್ಟೆಯಿಟ್ಟಿದೆ,
ಅದಕ್ಕೆ ಬೋಳುತಲೆಯೆಂದರೆ ಆಗದು.

ಭಾದ್ರಪದಕ್ಕೆ ವಸಂತ ಬರುವ ಊರು ಈ ಯಾಂಬಾ.
ಪಂಚಾಂಗವನ್ನು ಯಾರೋ ತಲೆಕೆಳಗು ತೂಗುಹಾಕಿದ ಹಾಗೆ.

ಮೊದಲ ಹತ್ತು ಹೆಜ್ಜೆ ಟರ್ಕಿಯದು.
ಕೆಂಪು ಬೋಳುತಲೆ, ಕೊರಳಿಗೆ ಅರಿಶಿನದ ಪಟ್ಟಿ,
ನಾನು ದುಡ್ಡು ಕೊಟ್ಟು ತಂದ ತರಗು, ತೊಗಟೆ,
ಅದರ ಜೊತೆ ನಾಲ್ಕು ಶುಂಠಿ ಮೊಳಕೆ,
ಎಲ್ಲವನ್ನೂ ಹಿಂಗಾಲಲ್ಲೆಂಬಂತೆ ಸರ್ರನೆ ಕೆರೆದು
ಬೇಲಿಯಡಿ ಗುಡ್ಡೆ ಹಾಕುತ್ತದೆ.
ಬೈದರೆ
ಸಾಲ ಕೊಡಲಾರದ ಮ್ಯಾನೇಜರನಂತೆ ತಲೆಯೆತ್ತಿ ನೋಡಿ
ಮತ್ತೆ ತನ್ನ ಕಡತಕ್ಕೆ.

ಆಮೇಲೆ ಗ್ಲೆನಿಸಳ ಹಿಪ್ಪುನೇರಳೆ,
ಬೇಲಿ ದಾಟಿ ನಮ್ಮ ಕಡೆಗೇ ಬಾಗಿದ್ದು.
ಶಿಡ್ಲಘಟ್ಟದಲ್ಲಿ ನಾವು ಎಲೆಗಷ್ಟೇ ಲೆಕ್ಕ ಬರೆದವರು,
ಎಲೆ ಹುಳಕ್ಕೆ, ಹುಳ ಗೂಡಿಗೆ, ಗೂಡು ಮಾರುಕಟ್ಟೆಗೆ.
ಹಣ್ಣು ಯಾರ ಪುಸ್ತಕದಲ್ಲೂ ಇರಲಿಲ್ಲ.
ಈಗ ನಿಂತಲ್ಲೇ ತಿನ್ನುತ್ತೇನೆ,
ನಾಲಿಗೆ, ಬೆರಳು, ಸಮವಸ್ತ್ರದ ಜೇಬು, ಎಲ್ಲ ನೇರಳೆ.
ಕಾಯಿ ಹಿಂಡಿ ಉಜ್ಜು, ಕಲೆ ಹೋಗುತ್ತೆ,
ಆಚೆಯಿಂದ ಗ್ಲೆನಿಸಳ ದನಿ. ಮುಖ ಕಾಣದು.
ನಿದ್ದೆಗೆಟ್ಟ ದನಿ: ರಾತ್ರಿ ಮೂರಕ್ಕೇ ಕೋಗಿಲೆ ಕೂಗಿದೆ.
ನಮ್ಮ ಕವಿಗಳು ಅದನ್ನು ಬಾಯ್ತುಂಬ ಹೊಗಳಿದ್ದಾರೆ, ಅಂದೆ.
ಹಗಲು ಹೊತ್ತಿನಲ್ಲಿ ಬರೆದಿರಬೇಕು, ಅಂದಳು.

ನದಿಯಾಚೆ ಕಬ್ಬಿನ ಗದ್ದೆಗೆ ಬೆಂಕಿ ಕೊಟ್ಟ ಸಂಜೆ
ತಂತಿಯ ಮೇಲಿನ ಬಿಳಿ ಬಟ್ಟೆಗೆ
ಕರಿ ಎಳೆಗಳು ಇಳಿದು ಕೂರುತ್ತವೆ, ತೂಕವಿಲ್ಲದೆ.
ಊದಬೇಕು, ಒರೆಸಬಾರದು.
ಒರೆಸಿದರೆ ಕಾಡಿಗೆ.
ಇದನ್ನು ಕಲಿಯಲು ಎರಡು ದಿಂಬುಚೀಲ ಹಾಳಾದವು.

ಒಂದು ಮುಂಜಾನೆ ಏನೂ ಇರಲಿಲ್ಲ.
ಟರ್ಕಿಯಿಲ್ಲ, ಗ್ಲೆನಿಸಳಿಲ್ಲ, ಹಣ್ಣು ಬಾವಲಿಗಳ ಪಾಲಾಗಿತ್ತು.
ವಾರ್ಡಿನಲ್ಲಿ ಹನ್ನೊಂದನೇ ಹಾಸಿಗೆ ಖಾಲಿಯಾದ ರಾತ್ರಿ ಅದು.
ಗೋಡೆಗೊರಗಿ ನಿಂತೆ.
ಗೋಡೆ ಆಗಲೇ ಬೆಚ್ಚಗಿತ್ತು.
ಅಷ್ಟು ಹೊತ್ತಿಗೇ ಬಿಸಿಲು ಅಲ್ಲಿಗೆ ಬರುತ್ತದೆಂದು
ಆರು ವರ್ಷ ಈ ಮನೆಯಲ್ಲಿದ್ದೂ
ನನಗೆ ಗೊತ್ತಿರಲಿಲ್ಲ.

ಅಕ್ಟೋಬರಿನ ನಡುವೆ ಒಂದು ದಿನ
ಬೀಗದ ಮಣ್ಣಿನಲ್ಲಿ ತೂತು,
ಪೆನ್ಸಿಲು ಚುಚ್ಚಿದಷ್ಟು, ಅಂಚು ನುಣುಪು.
ಯಾರು ಹೊರಟರು, ಯಾವಾಗ, ಯಾವ ದಿಕ್ಕಿಗೆ,
ಹೇಳಿ ಹೋಗುವ ಪದ್ಧತಿ ಅವರಲ್ಲಿಲ್ಲ.
ಕೀಲಿ ಹಾಕಿದೆ. ಕರಕರ ಎಂದಿತು,
ಮೆಟ್ಟೊರಸಿನ ಮೇಲೆ ಒಂದು ಚಿಟಿಕೆ ಕೆಮ್ಮಣ್ಣು,
ತಿರುಗಿತು.
ಒಳಗೆ ಬಂದು ಕಾಫಿಗೆ ನೀರಿಟ್ಟು
ಬರಿಗಾಲಿಗೆ ನೆಲ ತಣ್ಣಗೆ ತಾಗಿದಾಗ ನೆನಪಾಯಿತು:
ಚಪ್ಪಲಿ ಆ ಪಕ್ಕದ ಬಾಗಿಲಲ್ಲೇ ಇವೆ.

ಒಲೆ ಸಣ್ಣ ಮಾಡಿ ಬಳಸಿಕೊಂಡು ಹೋದೆ.
ಬಲಗಾಲಿನದನ್ನು ಮೆಟ್ಟಿದೆ.
ಎಡಗಾಲಿನದರಲ್ಲಿ
ಯಾರೋ ಇದ್ದಾರೆ.